ಮೊದಲ ಒತ್ತಿಗೆ ಕೆಂಪು: ಮೂರು ಚಳಿಗಾಲ ಹಣೆಗೆ ಕಟ್ಟಿಕೊಂಡ ಟಾರ್ಚ್

ಹೆಡ್‌ಲ್ಯಾಂಪ್ ಕೊಳ್ಳುವವರು ಮೊದಲು ಕೇಳುವುದು ಬೆಳಕು ಎಷ್ಟು ದೂರ ಬೀಳುತ್ತದೆ ಅಂತ. ನಾನು ಕೇಳುವುದು ಅದರ ಉಲ್ಟಾ. ಇದು ಎಷ್ಟು ಕಮ್ಮಿ ಬೆಳಕು ಕೊಡಬಲ್ಲದು? ಬಟನ್ ಮೊದಲ ಸಲ ಒತ್ತಿದಾಗ ಯಾವ ಬಣ್ಣ ಬರುತ್ತದೆ? ಈ ಎರಡು ಪ್ರಶ್ನೆಗೂ ಸರಿಯಾಗಿ ಉತ್ತರ ಕೊಟ್ಟ ಒಂದು ಟಾರ್ಚ್ ಮೂರು ಚಳಿಗಾಲದಿಂದ ನನ್ನ ಹಣೆ ಮೇಲಿದೆ. ಅದರ ವಿಮರ್ಶೆ ಇದು. ಐದಕ್ಕೆ ನಾಲ್ಕು ಸ್ಟಾರ್. ಕಂಪನಿ ಹೆಸರು ಹೇಳುವುದಿಲ್ಲ, ಯಾಕಂದರೆ ಹೊಗಳಿಕೆ ಜೊತೆಗೆ ಒಂದು ಜಗಳವೂ ಇದೆ. ಲಕ್ಷಣ ಹೇಳುತ್ತೇನೆ, ಅದನ್ನು ನೋಡಿಕೊಂಡು ಯಾವ ಕಂಪನಿಯದ್ದನ್ನಾದರೂ ಆರಿಸಿಕೊಳ್ಳಿ.

ನಾನು ಬೆಟ್ಟದ ತುದಿಯ ಒಂದು ವೀಕ್ಷಣಾಲಯದಲ್ಲಿ ಟೆಲಿಸ್ಕೋಪ್ ಆಪರೇಟರ್. ಆಪರೇಟರ್ ಅಂದರೆ ವಿಜ್ಞಾನಿ ಅಲ್ಲ. ಏನನ್ನು ನೋಡಬೇಕು ಅಂತ ಅವರು ಹೇಳುತ್ತಾರೆ. ಟೆಲಿಸ್ಕೋಪನ್ನು ಅಲ್ಲಿಗೆ ತಿರುಗಿಸಿ, ಫೋಕಸ್ ಮಾಡಿ, ಮೋಡ ಬಂದರೆ ಡೋಮ್, ಅಂದರೆ ಟೆಲಿಸ್ಕೋಪಿನ ಮೇಲಿನ ತಿರುಗುವ ಗುಮ್ಮಟ, ಮುಚ್ಚಿ, ಬೆಳಗ್ಗೆ ಲಾಗ್ ಬರೆದು ಮಲಗುವವನು ನಾನು. ಹಿಂದೆ ಇದಕ್ಕೆ ನೈಟ್ ಅಸಿಸ್ಟೆಂಟ್ ಅನ್ನುತ್ತಿದ್ದರು. ಅಮೆರಿಕದ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಮಿಲ್ಟನ್ ಹ್ಯೂಮಸನ್ ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುತ್ತಾ ಬೆಟ್ಟ ಹತ್ತಿದವರು. ಕಸ ಗುಡಿಸುವ ಕೆಲಸ ಮಾಡಿ, ನೈಟ್ ಅಸಿಸ್ಟೆಂಟ್ ಆಗಿ, ಕೊನೆಗೆ ಖಗೋಳ ವಿಜ್ಞಾನಿ ಎಡ್ವಿನ್ ಹಬಲ್ ಜೊತೆ ಗೆಲಾಕ್ಸಿಗಳ ವೇಗ ಅಳೆದರು. ನನಗೆ ಅಷ್ಟು ದೊಡ್ಡ ಆಸೆ ಇಲ್ಲ. ಕತ್ತಲಲ್ಲಿ ಮೆಟ್ಟಿಲು ತಪ್ಪದೆ ಇಳಿದರೆ ಸಾಕು.

ಈಗ ಯಾರೂ ಟೆಲಿಸ್ಕೋಪಿಗೆ ಕಣ್ಣಿಟ್ಟು ಕೂರುವುದಿಲ್ಲ, ನೋಡುವುದೆಲ್ಲ ಕ್ಯಾಮೆರಾ. ಹಾಗಿದ್ದ ಮೇಲೆ ಆಪರೇಟರ್ ಕಣ್ಣು ಕತ್ತಲಿಗೆ ಒಗ್ಗಿದರೆಷ್ಟು, ಬಿಟ್ಟರೆಷ್ಟು ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ರಾತ್ರಿಯ ಮುಕ್ಕಾಲು ಪಾಲು ನಾನೂ ಕಂಟ್ರೋಲ್ ರೂಮಿನಲ್ಲಿ ಐದಾರು ಸ್ಕ್ರೀನ್ ಮುಂದೆಯೇ ಇರುತ್ತೇನೆ. ಆಕಾಶ ಪೂರ್ತಿ ತೋರಿಸುವ ಕ್ಯಾಮೆರಾ ಇದೆ. ಗಾಳಿಯ ವೇಗ, ತೇವಾಂಶ ಅಳೆಯುವ ಮಾಪಕಗಳಿವೆ. ಆದರೂ ಅರ್ಧ ಗಂಟೆಗೊಮ್ಮೆ ಹೊರಗೆ ಹೋಗಿ ತಲೆ ಎತ್ತಿ ನೋಡಲೇಬೇಕು. ಕ್ಯಾಮೆರಾದ ಗಾಜಿನ ಮೇಲೆ ಇಬ್ಬನಿ ಕೂತರೆ ಅದಕ್ಕೆ ಇಡೀ ಆಕಾಶವೇ ಮೋಡ. ದಿಗಂತದ ಹತ್ತಿರ ಅದಕ್ಕೆ ಸರಿಯಾಗಿ ಏನೂ ಕಾಣುವುದಿಲ್ಲ, ಮೋಡ ಬರುವುದು ಅಲ್ಲಿಂದಲೇ. ಒಂದು ಹನಿ ಟೆಲಿಸ್ಕೋಪಿನ ಕನ್ನಡಿ ಮೇಲೆ ಬಿದ್ದರೆ ಉತ್ತರ ಕೊಡಬೇಕಾದವನು ನಾನು, ಕ್ಯಾಮೆರಾ ಅಲ್ಲ.

ಹೊಸಬರಿಗೆ ಗೊತ್ತಿರದ ಒಂದು ವಿಷಯ ಇದೆ. ನಿಜವಾದ ಕತ್ತಲಲ್ಲಿ ಮೋಡ ಬೆಳ್ಳಗಿರುವುದಿಲ್ಲ, ಕಪ್ಪಗಿರುತ್ತದೆ. ಊರಿನಲ್ಲಿ ರಾತ್ರಿ ಮೋಡ ಬೆಳ್ಳಗೆ ಕಾಣುವುದು ಕೆಳಗಿನ ದೀಪಗಳ ದಯೆಯಿಂದ. ಇಲ್ಲಿ ಆ ದಯೆ ಇಲ್ಲ. ನಕ್ಷತ್ರಗಳ ನಡುವೆ ತೂತು ಬಿದ್ದ ಹಾಗೆ ಇರುತ್ತದೆ, ಆ ತೂತು ನಿಧಾನಕ್ಕೆ ಸರಿಯುತ್ತದೆ. ಇಲ್ಲದ ನಕ್ಷತ್ರಗಳನ್ನು ಗುರುತಿಸಬೇಕು. ಅದಕ್ಕೆ ಮೊದಲು ಇರುವ ನಕ್ಷತ್ರಗಳೆಲ್ಲ ಕಾಣಬೇಕು, ಅಲ್ವಾ? ಕಣ್ಣು ಒಗ್ಗದಿದ್ದರೆ ಆಕಾಶ ಪೂರ್ತಿ ತೂತೇ.

ಕಣ್ಣು ಒಗ್ಗುವುದಕ್ಕೆ 20ರಿಂದ 30 ನಿಮಿಷ ಬೇಕು. ಕಣ್ಣಿನ ಹಿಂದಿನ ಪರದೆಯಲ್ಲಿ ಎರಡು ಬಗೆಯ ಕೋಶಗಳಿವೆ. ಹಗಲಿಗೆ, ಬಣ್ಣಕ್ಕೆ ಕೋನ್‌ಗಳು. ಕತ್ತಲಿಗೆ ರಾಡ್‌ಗಳು. ಕೋನ್‌ಗಳು ಹತ್ತು ನಿಮಿಷದೊಳಗೆ ತಯಾರಾಗುತ್ತವೆ, ರಾಡ್‌ಗಳು ಸೋಮಾರಿಗಳು. ಅವುಗಳೊಳಗಿನ ರೊಡಾಪ್ಸಿನ್ ಎಂಬ ಬಣ್ಣದ ವಸ್ತು ಬೆಳಕು ಬಿದ್ದರೆ ಕೆಡುತ್ತದೆ, ಮತ್ತೆ ಕೂಡಿಕೊಳ್ಳಲು ಹೊತ್ತು ಹಿಡಿಯುತ್ತದೆ. ಜೋರಾದ ಬಿಳಿ ಬೆಳಕು ಕಣ್ಣಿಗೆ ಹೊಡೆದರೆ ಕಾದ ಅರ್ಧ ಗಂಟೆ ಹೋಯಿತು ಅಂತಲೇ. ಕೆಂಪಿನ ಉಪಕಾರ ಇರುವುದು ಇಲ್ಲಿ. ರಾಡ್‌ಗಳಿಗೆ ಚೆನ್ನಾಗಿ ಕಾಣುವುದು 507 ನ್ಯಾನೊಮೀಟರ್ ಸುತ್ತಮುತ್ತಲಿನ ನೀಲಿ ಹಸಿರು (ನ್ಯಾನೊಮೀಟರ್ ಅಂದರೆ ಬೆಳಕಿನ ಅಲೆಯ ಉದ್ದದ ಅಳತೆ, ಬಣ್ಣ ಗುರುತಿಸುವುದು ಅದರಿಂದಲೇ). 640 ದಾಟಿದರೆ ಅವು ಹೆಚ್ಚುಕಮ್ಮಿ ಕುರುಡು. ಹಾಗಾಗಿ ಮಂದವಾದ ಕೆಂಪು ಬೆಳಕಿನಲ್ಲಿ ಕೋನ್‌ಗಳಿಂದ ಓದಬಹುದು, ರಾಡ್‌ಗಳ ನಿದ್ದೆ ಕೆಡುವುದಿಲ್ಲ. ಮಂದವಾದ ಅನ್ನುವುದನ್ನು ಮರೆಯಬೇಡಿ. ಜೋರಾದ ಕೆಂಪು ಕೂಡ ಕಣ್ಣು ಕೆಡಿಸುತ್ತದೆ.

ಎತ್ತರ ಬೇರೆ ಸೇರಿಕೊಳ್ಳುತ್ತದೆ. ದೊಡ್ಡ ದೊಡ್ಡ ಟೆಲಿಸ್ಕೋಪುಗಳಿರುವ ಹವಾಯಿಯ ಮೌನಾ ಕೀ ಶಿಖರ ಸುಮಾರು 4,200 ಮೀಟರ್, ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು 60% ಅಷ್ಟೇ. ಆಮ್ಲಜನಕ ಕಮ್ಮಿಯಾದರೆ ಮೊದಲು ಮುನಿಸಿಕೊಳ್ಳುವವರಲ್ಲಿ ಈ ರಾಡ್‌ಗಳೂ ಸೇರಿವೆ. ನಮ್ಮ ಬೆಟ್ಟ ಅಷ್ಟು ಎತ್ತರವಿಲ್ಲ, ಆದರೂ ಮೇಲೆ ಬಂದ ಮೊದಲ ರಾತ್ರಿ ನಕ್ಷತ್ರ ಕಮ್ಮಿ ಕಂಡಂತೆ ಅನಿಸುವುದು ನನಗೆ ಮಾಮೂಲಿ. ಇರುವ ದೃಷ್ಟಿಯನ್ನೇ ಜೋಪಾನ ಮಾಡಬೇಕು.

ಈಗ ಬಟನ್ ವಿಷಯ.

ನನ್ನ ಹಳೇ ಟಾರ್ಚಿಗೆ ಒಂದೇ ಬಟನ್. ಮೊದಲ ಒತ್ತಿಗೆ ಜೋರು ಬಿಳಿ, ಎರಡನೆಯದಕ್ಕೆ ಮಂದ ಬಿಳಿ, ಮೂರನೆಯದಕ್ಕೆ ಮಿಣುಕು, ನಾಲ್ಕನೆಯದಕ್ಕೆ ಕೆಂಪು. ಕೆಂಪು ತಲುಪುವಷ್ಟರಲ್ಲಿ ಕಣ್ಣಿಗೆ ಮೂರು ಪೆಟ್ಟು. ಟಾರ್ಚನ್ನು ಜಾಕೆಟ್ ಜೇಬಿನೊಳಗೆ ತುರುಕಿ, ಒಂದು, ಎರಡು, ಮೂರು ಅಂತ ಎಣಿಸಿ ಒತ್ತಿ, ನಾಲ್ಕಾದ ಮೇಲೆ ಹೊರಗೆ ತೆಗೆಯುತ್ತಿದ್ದೆ. ಆರಿಸುವಾಗಲೂ ಅದೇ ಸರ್ಕಸ್. ದಪ್ಪ ಕೈಗವಸು ಹಾಕಿಕೊಂಡು ಎಣಿಸಿದರೆ ಒಂದು ಒತ್ತು ಜಾಸ್ತಿಯಾಗುತ್ತದೆ, ಇಲ್ಲವೇ ಕಮ್ಮಿಯಾಗುತ್ತದೆ. ಜೇಬಿಂದ ತೆಗೆದ ಟಾರ್ಚ್ ಜೋರು ಬಿಳಿಯಲ್ಲಿ ಎದುರಿಗಿದ್ದವನ ಮುಖಕ್ಕೆ ಹೊಡೆದದ್ದು ಒಂದೆರಡು ಸಲವಲ್ಲ. ನಮ್ಮ ಹಿರಿಯ ಆಪರೇಟರ್ ಸಮಾಧಾನದ ಮನುಷ್ಯ. ಅವರೇ ಒಂದು ರಾತ್ರಿ, “ಮಾರಾಯ, ಅದನ್ನು ಎಸೆದುಬಿಡು, ಇಲ್ಲಾಂದ್ರೆ ನಾನೇ ಎಸೀತೀನಿ” ಅಂದರು.

ಹೊಸದಕ್ಕೆ ಎರಡು ಬಟನ್. ಎಡಗಡೆಯದು ಕೆಂಪಿಗೆ, ಬಲಗಡೆಯದು ಬಿಳಿಗೆ. ಎಡಗಡೆಯ ರಬ್ಬರಿನ ಮೇಲೆ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಉಬ್ಬು ಇದೆ, ಬಲಗಡೆಯದು ನುಣುಪು. ಒಳಗೊಂದು ಹೊರಗೊಂದು ಅಂತ ಎರಡು ಜೊತೆ ಕೈಗವಸು ಹಾಕಿಕೊಂಡಿದ್ದರೂ ಆ ಉಬ್ಬು ಬೆರಳಿಗೆ ತಿಳಿಯುತ್ತದೆ. ಒಂದು ಸಲ ಒತ್ತಿದರೆ ಅತಿ ಮಂದ ಕೆಂಪು. ಒತ್ತಿ ಹಿಡಿದರೆ ನಿಧಾನಕ್ಕೆ ಏರುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ಬಿಳಿ ಬೇಕಾದರೆ ಬಲಗಡೆಯ ಬಟನ್ ಎರಡು ಸೆಕೆಂಡ್ ಅದುಮಿ ಹಿಡಿಯಬೇಕು. ಸುಮ್ನೆ ಕೈ ತಗುಲಿದರೆ ಬರುವುದಿಲ್ಲ. ಆರಿಸಿ ಮತ್ತೆ ಹಚ್ಚಿದರೆ ಹಿಂದಿನ ಮಟ್ಟವನ್ನು ನೆನಪಿಟ್ಟುಕೊಳ್ಳುವುದೂ ಇಲ್ಲ, ಮತ್ತೆ ಅತಿ ಮಂದದಿಂದಲೇ ಶುರು. ಬೇರೆ ಜನ ಇದನ್ನೇ ದೋಷ ಅಂತ ಬರೆದಿದ್ದು ನೋಡಿದ್ದೇನೆ. ನನಗೆ ಇದಕ್ಕೇ ಒಂದು ಸ್ಟಾರ್ ಪೂರ್ತಿ.

ಆ ಅತಿ ಮಂದ ಕೆಂಪು ಎಷ್ಟು ಮಂದ ಅಂದರೆ, ಬೆಳಕಿರುವ ರೂಮಿನಲ್ಲಿ ಹಚ್ಚಿದರೆ ಹತ್ತಿದೆಯೋ ಇಲ್ಲವೋ ಅನುಮಾನ ಬರುತ್ತದೆ. ಡೋಮಿನ ಕಬ್ಬಿಣದ ಮೆಟ್ಟಿಲಲ್ಲಿ ಹೆಜ್ಜೆ ಇಡುವ ಅಂಚು ಕಾಣುತ್ತದೆ, ಎರಡು ಮೆಟ್ಟಿಲು ಕೆಳಗಿನದು ಕಾಣುವುದಿಲ್ಲ. ಅಷ್ಟು ಸಾಕು. ಮುಖದ ಮುಂದೆ ಕೈ ಬೀಸಿದರೆ ಬೆರಳುಗಳು ಬಿಡಿಬಿಡಿಯಾಗಿ ಬೀಸಣಿಗೆ ಥರ ಕಾಣುವುದೂ ಇಲ್ಲ. ಅಗ್ಗದ ಟಾರ್ಚುಗಳು ಬೆಳಕು ಮಂದ ಮಾಡುವುದು ದೀಪವನ್ನು ಪಟಪಟ ಆರಿಸಿ ಹಚ್ಚಿ. ಸುಮ್ಮನೆ ಕೂತಾಗ ಗೊತ್ತಾಗುವುದಿಲ್ಲ, ತಿರುಗುವ ಯಂತ್ರದ ಹತ್ತಿರ ಹೋದಾಗ ತಲೆ ಕೆಡುತ್ತದೆ.

ಇಷ್ಟು ಹೊಗಳಿದ ಮೇಲೆ, ಇದೇ ಟಾರ್ಚಿನಿಂದ ಒಂದು ರಾತ್ರಿ ನಾನು ಮಾಡಿದ ಎಡವಟ್ಟನ್ನೂ ಹೇಳಬೇಕು. ತಪ್ಪು ಟಾರ್ಚಿನದಲ್ಲ, ಕೆಂಪು ಅಂದರೆ ಕ್ಷೇಮ ಅಂತ ಕಣ್ಣು ಮುಚ್ಚಿ ನಂಬಿದ್ದ ನನ್ನದು.

ಟಾರ್ಚ್ ಬಂದು ಎರಡು ವಾರ ಆಗಿತ್ತು. ಸ್ಪೆಕ್ಟ್ರೋಗ್ರಾಫ್ ರಾತ್ರಿ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ದಾಖಲಿಸುವ ಉಪಕರಣದ ಸರದಿ. ವೀಕ್ಷಕರು ದೂರದ ಊರಿನಲ್ಲಿ ಕೂತು ವಿಡಿಯೊ ಕರೆಯಲ್ಲಿದ್ದರು. ತುಂಬಾ ಮಂಕಾದ ಒಂದು ಗೆಲಾಕ್ಸಿ, ಕ್ಯಾಮೆರಾ ಒಂದೇ ಸಮನೆ ಬೆಳಕು ಕೂಡಿಸಿಕೊಳ್ಳುವ 1,800 ಸೆಕೆಂಡಿನ ಎಕ್ಸ್‌ಪೋಷರ್‌ಗಳು ಸಾಲಾಗಿ. ಎರಡನೆಯದು ನಡೆಯುತ್ತಿರುವಾಗ ಡೋಮ್ ತಿರುಗುವ ಸದ್ದಿನಲ್ಲಿ ಏನೋ ವ್ಯತ್ಯಾಸ. ಚಕ್ರದ ಕೆಳಗೆ ಏನೋ ಸಿಕ್ಕ ಹಾಗೆ ಟಕ್, ಟಕ್. ಎಕ್ಸ್‌ಪೋಷರ್ ನಿಲ್ಲಿಸಿ ಅಂತ ಕೇಳಲು ಸಂಕೋಚ. ಅತಿ ಮಂದ ಕೆಂಪು ಹಚ್ಚಿಕೊಂಡು ಮೆಲ್ಲಗೆ ಒಳಗೆ ಹೋದೆ. ಹಳಿಯ ಮೇಲೆ ಐಸಿನ ಚೂರು ಬಿದ್ದಿತ್ತು. ಕೈಯಲ್ಲೇ ತೆಗೆದೆ. ಎದ್ದು ನಿಂತವನು ಶಟರ್, ಅಂದರೆ ಡೋಮಿನಲ್ಲಿ ಆಕಾಶಕ್ಕೆ ತೆರೆಯುವ ಬಾಗಿಲು, ಸರಿ ಇದೆಯಾ ಅಂತ ತಲೆ ಎತ್ತಿ ನೋಡಿದೆ. ನನ್ನ ತಲೆ ಮೇಲೇರಿದರೆ ಅದಕ್ಕೆ ಕಟ್ಟಿದ ಟಾರ್ಚೂ ಮೇಲೇರುತ್ತದೆ ಅನ್ನುವುದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಎರಡು ನಿಮಿಷದಲ್ಲಿ ವಾಪಸ್ ಬಂದು ಕೂತೆ. ದೊಡ್ಡ ಕೆಲಸ ಮಾಡಿದ ಖುಷಿ.

ಎಕ್ಸ್‌ಪೋಷರ್ ಮುಗಿಯಿತು, ಚಿತ್ರ ಬಂತು. ಅತ್ತಲಿಂದ ಮೊದಲು ಮೌನ. ಆಮೇಲೆ, “630ರ ಹತ್ತಿರ ಇದೇನ್ರೀ?” ಅಂತ ಪ್ರಶ್ನೆ.

ನಾನೂ ನೋಡಿದೆ. 630 ನ್ಯಾನೊಮೀಟರ್‌ನಲ್ಲಿ ಆಕಾಶದ್ದೇ ಒಂದು ಗೆರೆ ಇರುತ್ತದೆ. ಸುಮಾರು 250 ಕಿಲೊಮೀಟರ್ ಮೇಲೆ ಆಮ್ಲಜನಕದ ಪರಮಾಣುಗಳು ರಾತ್ರಿಯಿಡೀ ಮಂಕಾಗಿ ಕೆಂಪು ಮಿನುಗುತ್ತಿರುತ್ತವೆ, ಅದರ ಗೆರೆ. ಅದು ಜಾಸ್ತಿಯಾಗಿರಬಹುದು ಅಂತ ಅವರ ಮೊದಲ ಅನುಮಾನ. ನನಗೂ ಹಾಗೇ ಹೇಳಿಬಿಡಬಹುದಿತ್ತು. ಆದರೆ ಆಕಾಶದ ಗೆರೆ ಸೂಜಿಯ ಹಾಗೆ ನೆಟ್ಟಗೆ ತೆಳ್ಳಗಿರುತ್ತದೆ. ಇಲ್ಲಿ ಆ ಸೂಜಿ ಇತ್ತು, ಅದರ ಬುಡದಲ್ಲಿ ಇಪ್ಪತ್ತು ನ್ಯಾನೊಮೀಟರ್ ಅಗಲದ ಒಂದು ಗುಡ್ಡವೂ ಇತ್ತು. ಹಿಂದಿನ ಎಕ್ಸ್‌ಪೋಷರ್‌ನಲ್ಲಿ ಗುಡ್ಡ ಇರಲಿಲ್ಲ. ಆಕಾಶದಲ್ಲಿ ಗುಡ್ಡ ಇರುವುದಿಲ್ಲ. ಎಲ್‌ಇಡಿಯಲ್ಲಿ ಇರುತ್ತದೆ. ಕೈ ತಾನಾಗೇ ಹಣೆಗೆ ಹೋಯಿತು.

“ಸರ್, ಅದು ನಾನು” ಅಂದೆ.

ಅವರು ನಗಲಿಲ್ಲ. ಬೈಯಲೂ ಇಲ್ಲ. “ಇನ್ನೊಂದು ಸಲ ತೊಗೊಳ್ಳೋಣ” ಅಂದರು. ಆ ಅರ್ಧ ಗಂಟೆಯ ಲೆಕ್ಕ ಲಾಗ್‌ನಲ್ಲಿ ನನ್ನ ಕೈಬರಹದಲ್ಲೇ ಇದೆ. ಕಾರಣ ಅಂತ ಇರುವ ಜಾಗದಲ್ಲಿ ‘ಹಣೆ’ ಅಂತ ಬರೆದಿದ್ದೆ, ಆಮೇಲೆ ಹೊಡೆದುಹಾಕಿ ‘ಡೋಮಿನೊಳಗೆ ಬೆಳಕು’ ಅಂತ ತಿದ್ದಿದೆ.

ಆಗಿದ್ದು ಇಷ್ಟು. ಕೆಂಪು ಬೆಳಕು ಕಣ್ಣಿಗೆ ಸ್ನೇಹಿತ, ಕ್ಯಾಮೆರಾಗೆ ಶತ್ರು. ಹಳೇ ಕಾಲದಲ್ಲಿ ಎರಡಕ್ಕೂ ಸ್ನೇಹಿತನಾಗಿತ್ತು. ಆಗಿನ ಮಾಮೂಲಿ ಫೋಟೊ ಪ್ಲೇಟುಗಳಿಗೆ ನೀಲಿ ಚೆನ್ನಾಗಿ ಕಾಣುತ್ತಿತ್ತು, ಕೆಂಪು ಕಾಣುತ್ತಲೇ ಇರಲಿಲ್ಲ. ಡಾರ್ಕ್‌ರೂಮಿನಲ್ಲಿ ಕೆಂಪು ಬಲ್ಬ್ ಇರುತ್ತಿದ್ದದ್ದೂ ಅದಕ್ಕೇ. ಕೆಂಪನ್ನೂ ಹಿಡಿಯುವ ಪ್ಲೇಟುಗಳು ಆಮೇಲೆ ಬಂದವು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಲಾಸ್ ಏಂಜಲೀಸ್‌ನ ದೀಪಗಳನ್ನು ಆರಿಸಿದ್ದಾಗ, ಮೌಂಟ್ ವಿಲ್ಸನ್‌ನ 100 ಇಂಚಿನ ಟೆಲಿಸ್ಕೋಪಿನಲ್ಲಿ ಖಗೋಳ ವಿಜ್ಞಾನಿ ವಾಲ್ಟರ್ ಬಾಡೆ ಅಂಥ ಪ್ಲೇಟುಗಳನ್ನೇ ಬಳಸಿ ಆಂಡ್ರೊಮಿಡಾ ಗೆಲಾಕ್ಸಿಯ ನಡುಭಾಗದ ನಕ್ಷತ್ರಗಳನ್ನು ಬಿಡಿಬಿಡಿಯಾಗಿ ತೋರಿಸಿದರು. 1944ರಲ್ಲಿ ಅದು ಪ್ರಕಟವಾಯಿತು. ಆ ರಾತ್ರಿ ನನ್ನಂಥವನೊಬ್ಬ ಹಣೆಗೆ ಕೆಂಪು ದೀಪ ಕಟ್ಟಿಕೊಂಡು ಒಳಗೆ ಬಂದಿದ್ದರೆ ಏನಾಗುತ್ತಿತ್ತೋ.

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ, ಅಂದರೆ ಪ್ಲೇಟಿನ ಬದಲು ಬೆಳಕು ಹಿಡಿಯುವ ಚಿಪ್, ಕಂಡುಹಿಡಿದರು. 2009ರಲ್ಲಿ ಅದಕ್ಕೆ ನೊಬೆಲ್ ಬಂತು. ಅದರ ಸಿಲಿಕಾನಿಗೆ ಕೆಂಪು ಅಂದರೆ ಪ್ರಾಣ. ಒಳ್ಳೆಯ ಚಿಪ್ ಆದರೆ 600ರಿಂದ 700 ನ್ಯಾನೊಮೀಟರ್ ನಡುವೆ ಬಿದ್ದ ನೂರು ಬೆಳಕಿನ ಕಣಗಳಲ್ಲಿ ತೊಂಬತ್ತನ್ನು ಹಿಡಿದುಬಿಡುತ್ತದೆ. ಕಣ್ಣಿಗೇ ಕಾಣದ್ದನ್ನೂ ಬಿಡುವುದಿಲ್ಲ. ರಾತ್ರಿ ಕಾವಲಿನ ಕ್ಯಾಮೆರಾಗಳು ಉಗುಳುವ 850 ನ್ಯಾನೊಮೀಟರ್‌ನ ಅವಗೆಂಪು ಬೆಳಕು ನಮಗೆ ಕತ್ತಲು, ಅದಕ್ಕೆ ಟ್ಯೂಬ್‌ಲೈಟ್. ಹೊಸದಾಗಿ ಬರುತ್ತಿರುವ ಕೆಲವು ಹೆಡ್‌ಲ್ಯಾಂಪ್‌ಗಳಲ್ಲಿ ಎದುರಿನ ವಸ್ತು ನೋಡಿಕೊಂಡು ತಾನೇ ಬೆಳಕು ಏರಿಸುವ ಇಳಿಸುವ ಸೆನ್ಸರ್ ಇರುತ್ತದೆ. ನಮ್ಮ ಕೆಲಸಕ್ಕೆ ಅದು ಬೇಡವೇ ಬೇಡ. ನನ್ನ ಟಾರ್ಚಿನಲ್ಲಿ ಇಲ್ಲ, ಪುಣ್ಯ.

ಅವತ್ತಿನಿಂದ ನನ್ನದೊಂದು ಪದ್ಧತಿ. ಶಟರ್ ತೆರೆದಿರುವಾಗ ಡೋಮಿನೊಳಗೆ ಹೋಗುವುದಾದರೆ ಟಾರ್ಚ್ ಹಣೆಯಲ್ಲಿ ಇರುವುದಿಲ್ಲ, ಕೊರಳಲ್ಲಿ ಇರುತ್ತದೆ, ಮುಖ ಕೆಳಗೆ. ಇದರ ಕೀಲು ಪೂರ್ತಿ ತೊಂಬತ್ತು ಡಿಗ್ರಿ ಬಗ್ಗುತ್ತದೆ, ಹಾಗಾಗಿ ಬೆಳಕು ಕಾಲ್ಬೆರಳ ಮುಂದೆ ಬೀಳುತ್ತದೆ, ಆಚೆ ಹೋಗುವುದಿಲ್ಲ. ಅದಕ್ಕೂ ಮೊದಲು ಬಾಯಿಬಿಟ್ಟು ಕೇಳುತ್ತೇನೆ, “ಎಕ್ಸ್‌ಪೋಷರ್ ನಿಲ್ಲಿಸ್ತೀರಾ?” ಅಂತ. ಯಾರೂ ಇದುವರೆಗೂ ಇಲ್ಲ ಅಂದಿಲ್ಲ.

ಕೆಂಪಿನ ಇನ್ನೊಂದು ಕಿತಾಪತಿ ಇದೆ. ಬಿಳಿ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದದ್ದು ಕೆಂಪು ಬೆಳಕಿನಲ್ಲಿ ಮಾಯ. ಹಾಳೆಯೂ ಕೆಂಪು, ಅಕ್ಷರವೂ ಕೆಂಪು. ಅಪಾಯದ ಎಚ್ಚರಿಕೆಗಳನ್ನೆಲ್ಲ ಲೋಕ ಕೆಂಪಿನಲ್ಲೇ ಬರೆಯುತ್ತದೆ ಅನ್ನುವುದು ಕತ್ತಲಲ್ಲಿ ಕೆಲಸ ಮಾಡುವವನಿಗೆ ಮಾತ್ರ ತಮಾಷೆ. ಕ್ಯಾಮೆರಾ ತಂಪಾಗಿಡುವುದಕ್ಕೆ ನಾವು ದ್ರವ ಸಾರಜನಕ ತುಂಬುತ್ತೇವೆ, ಮೈನಸ್ 196 ಡಿಗ್ರಿ. ಆ ಪಾತ್ರೆಯ ಮೇಲೆ ‘ಇಷ್ಟಕ್ಕಿಂತ ಮೇಲೆ ತುಂಬಬೇಡಿ’ ಅಂತ ಯಾರೋ ಕೆಂಪು ಗೆರೆ ಎಳೆದಿದ್ದರು. ಹಗಲು ದೂರದಿಂದಲೇ ಕಾಣುತ್ತಿತ್ತು. ರಾತ್ರಿ ಎರಡು ಗಂಟೆಗೆ ಪಾತ್ರೆ ಬೋಳು ಬೋಳು. ಎಮರ್ಜೆನ್ಸಿ ಸ್ಟಾಪ್ ಬಟನ್ ಕೂಡ ಕೆಂಪು ಬೆಳಕಿನಲ್ಲಿ ಪಕ್ಕದ ಬಿಳಿ ಬಟನ್ ಥರವೇ ಕಾಣುತ್ತದೆ. ನಾವೀಗ ಪಾತ್ರೆಯ ಗೆರೆಯನ್ನು ಕಪ್ಪು ಇನ್ಸುಲೇಷನ್ ಟೇಪಿನಲ್ಲಿ ಸುತ್ತಿದ್ದೇವೆ, ಸ್ಟಾಪ್ ಬಟನ್ ಸುತ್ತ ಕಪ್ಪು ಪಟ್ಟೆ ಬಳಿದಿದ್ದೇವೆ. ವೈರಿನ ಬಣ್ಣ ನೋಡಿ ಮಾಡುವ ಯಾವ ಕೆಲಸವನ್ನೂ ಕೆಂಪು ಬೆಳಕಿನಲ್ಲಿ ಮಾಡಬೇಡಿ. ಡೋಮ್ ಮುಚ್ಚಿ, ಬಿಳಿ ಹಚ್ಚಿ, ಆಮೇಲೆ ಇಕ್ಕಳ ಹಿಡಿಯಿರಿ.

ಸೆಲ್ ವಿಷಯಕ್ಕೆ ಬರೋಣ. ಇದಕ್ಕೆ ಬೇಕಾಗಿರುವುದು ಟಿವಿ ರಿಮೋಟಿಗೆ ಹಾಕುವ ಸಣ್ಣ ಸೆಲ್ ಮೂರು. ಚಾರ್ಜ್ ಮಾಡುವ ಟಾರ್ಚ್ ಯಾಕೆ ತೊಗೊಳ್ಳಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಅಯಾನ್ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು. ಒಳಗೆ ಲಿಥಿಯಂ ಲೋಹವಾಗಿಯೇ ಕೂತುಬಿಡುತ್ತದೆ, ಬ್ಯಾಟರಿ ಹಾಳಾಗುತ್ತದೆ. ಡೋಮಿನ ಕೆಳಗಿನ ಪ್ಲಗ್ಗಿಗೆ ಸಿಕ್ಕಿಸಿ ಮರೆತು ಹೋಗುವ ಅಭ್ಯಾಸ ನನಗಿದೆ, ಅಲ್ಲಿ ಚಳಿಗಾಲದಲ್ಲಿ ಮೈನಸ್ 15. ಅದಕ್ಕೇ ಸೆಲ್.

ಮೊದಲ ಚಳಿಗಾಲ ಮಾಮೂಲಿ ಆಲ್ಕಲೈನ್ ಸೆಲ್ ಹಾಕಿದೆ. ಅದರೊಳಗಿನ ದ್ರಾವಣದಲ್ಲಿ ನೀರಿದೆ, ಚಳಿಗೆ ಅದು ಮಂದವಾಗುತ್ತದೆ. ಸಂಜೆ ಹೊಸದಾಗಿ ಹಾಕಿದ ಸೆಲ್ ನಡುರಾತ್ರಿ ಸತ್ತಂತೆ ಆಡುತ್ತಿತ್ತು. ಒಳಗೆ ತಂದು ಬೆಚ್ಚಗಾದ ಮೇಲೆ ಮತ್ತೆ ಬದುಕುತ್ತಿತ್ತು. ಒಂದು ಒಳ್ಳೆಯದೂ ಕಂಡಿತು. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು, ಕೆಂಪಿಗೆ 2 ಸಾಕು. ಹಾಗಾಗಿ ಬಿಳಿ ಕೈಕೊಟ್ಟ ಮೇಲೂ ಈ ಟಾರ್ಚಿನ ಕೆಂಪು ತಣ್ಣಗೆ ಉರಿಯುತ್ತಲೇ ಇತ್ತು. ಎರಡನೇ ಚಳಿಗಾಲದಿಂದ ಒಂದು ಸಲ ಬಳಸಿ ಎಸೆಯುವ ಲಿಥಿಯಂ ಸೆಲ್ ಹಾಕುತ್ತಿದ್ದೇನೆ. ಮೈನಸ್ 40ರವರೆಗೂ ಕೆಲಸ ಮಾಡುತ್ತವೆ, ಹಗುರವೂ ಹೌದು. ದುಬಾರಿ, ಆದರೆ ಕೆಂಪಿನಲ್ಲೇ ಬಳಸುವುದರಿಂದ ತಿಂಗಳುಗಟ್ಟಲೆ ಬರುತ್ತವೆ. ಒಂದು ದೂರು: ಸೆಲ್ ಮುಚ್ಚಳದ ಚಿಲಕ ತುಂಬಾ ಸಣ್ಣದು. ಕೈಗವಸು ತೆಗೆಯದೆ ತೆರೆಯಲು ಆಗುವುದಿಲ್ಲ, ತೆಗೆದರೆ ಬೆರಳು ಮರಗಟ್ಟುತ್ತದೆ.

ಡಬ್ಬದ ಮೇಲಿನ ಅಂಕಿಗಳನ್ನು ಜಾಸ್ತಿ ನಂಬಬೇಡಿ. ಸುಳ್ಳು ಅಂತ ಅಲ್ಲ, ಅಳತೆ ಮಾಡುವ ರೀತಿಯೇ ಹಾಗೆ. ಟಾರ್ಚುಗಳಿಗೆ ಎಫ್‌ಎಲ್ 1 ಅಂತ ಒಂದು ಮಾನದಂಡ ಇದೆ. ಅದರ ಪ್ರಕಾರ ‘ಇಷ್ಟು ಗಂಟೆ ಉರಿಯುತ್ತದೆ’ ಅಂದರೆ ಬೆಳಕು ಶುರುವಿನ 10%ಗೆ ಇಳಿಯುವವರೆಗಿನ ಹೊತ್ತು. ‘ಇಷ್ಟು ಮೀಟರ್ ಬೀಳುತ್ತದೆ’ ಅಂದರೆ ಬೆಳಕು 0.25 ಲಕ್ಸ್‌ಗೆ, ಹೆಚ್ಚುಕಮ್ಮಿ ಹುಣ್ಣಿಮೆ ಬೆಳದಿಂಗಳ ಮಟ್ಟಕ್ಕೆ ಇಳಿಯುವ ದೂರ. ಇದನ್ನು ಓದಿದಾಗ ನಗು ಬಂತು. ಹುಣ್ಣಿಮೆ ಬೆಳದಿಂಗಳು ಅಂದರೆ ನಮಗೆ ಕಣ್ಣು ಕುಕ್ಕುವ ಬೆಳಕು. ಮಂಕಾದ ಗೆಲಾಕ್ಸಿಗಳ ಕೆಲಸವನ್ನೆಲ್ಲ ಆ ದಿನಗಳಲ್ಲಿ ಪಕ್ಕಕ್ಕಿಡುತ್ತೇವೆ.

ಬಿಳಿ ಬೆಳಕು ಚೆನ್ನಾಗಿಯೇ ಇದೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಳಗಿನ ಜಾವ ಎಲ್ಲ ಮುಚ್ಚಿದ ಮೇಲೆ ಐಸ್ ನೋಡಲು, ಬೋಲ್ಟ್ ಹುಡುಕಲು ಸಾಕು. ಒಂದೇ ಒಂದು ಕಡೆ ಬಳಸಬೇಡಿ: ಟೆಲಿಸ್ಕೋಪಿನ ದೊಡ್ಡ ಕನ್ನಡಿಗೆ ಓರೆಯಾಗಿ ಬಿಳಿ ಟಾರ್ಚ್ ಬಿಟ್ಟು ನೋಡಬೇಡಿ. ಎಂಥ ಚೊಕ್ಕ ಕನ್ನಡಿಯೂ ಆಗ ವರ್ಷದಿಂದ ಗುಡಿಸದ ಜಗಲಿಯಂತೆ ಕಾಣುತ್ತದೆ. ಹೊಸ ಹುಡುಗನೊಬ್ಬ ಹಾಗೆ ನೋಡಿ, ಗಾಬರಿಯಿಂದ ಬಟ್ಟೆ ಹುಡುಕಲು ಓಡಿದ್ದ. ಬಟ್ಟೆ ಸಿಗಲಿಲ್ಲ, ಕನ್ನಡಿ ಉಳಿಯಿತು. ಒಣಬಟ್ಟೆಯಲ್ಲಿ ಉಜ್ಜಿದ್ದರೆ ಅಲ್ಯೂಮಿನಿಯಂ ಲೇಪಕ್ಕೆ ಗೀರು ಬೀಳುತ್ತಿತ್ತು. ಆ ಲೇಪದ ದಪ್ಪ ಸುಮಾರು 100 ನ್ಯಾನೊಮೀಟರ್ ಅಷ್ಟೇ.

ಇನ್ನು ಜಗಳ. ಎಲಾಸ್ಟಿಕ್ ಪಟ್ಟಿ ಎರಡನೇ ಚಳಿಗಾಲದ ನಡುವೆಯೇ ಸಡಿಲವಾಯಿತು. ಉಣ್ಣೆ ಟೋಪಿಯ ಮೇಲೆ ಕಟ್ಟಿದರೆ ತಲೆ ಬಗ್ಗಿಸಿದಾಗ ಜಾರಿ ಮೂಗಿಗೆ ಬರುತ್ತದೆ. ಟೆಲಿಸ್ಕೋಪಿನ ಮೇಲೆ ಬಗ್ಗಿ ಕೆಲಸ ಮಾಡುವವನ ತಲೆಯಿಂದ ಏನೂ ಜಾರಬಾರದು. ಜೇಬಿನಲ್ಲಿ ಪೆನ್ನು ಇಟ್ಟುಕೊಂಡೂ ನಾವು ಕನ್ನಡಿ ಹತ್ತಿರ ಹೋಗುವುದಿಲ್ಲ. ಪಟ್ಟಿ ಮಾತ್ರ ಬೇರೆ ಸಿಗುತ್ತದಾ ಅಂತ ಕಂಪನಿಗೆ ಬರೆದೆ. ಫೋಟೊ ಕಳಿಸಿ ಅಂದರು. ಕಳಿಸಿದೆ. ಬಿಲ್ ಕಳಿಸಿ ಅಂದರು. ಕಳಿಸಿದೆ. ಒಂದು ತಿಂಗಳಾದ ಮೇಲೆ, ‘ಪಟ್ಟಿ ವಾರಂಟಿಯಲ್ಲಿ ಬರುವುದಿಲ್ಲ, ಬಿಡಿಯಾಗಿ ಮಾರುವುದಿಲ್ಲ, ಹೊಸ ಮಾಡೆಲ್ ನೋಡಿ’ ಅಂತ ಉತ್ತರ. ಕೊನೆಗೆ ಹಳೇ ಬ್ಯಾಗಿನ ಪಟ್ಟಿ ಕತ್ತರಿಸಿ, ಒಳಭಾಗಕ್ಕೆ ಸಿಲಿಕೋನ್ ಅಂಟಿನ ಎರಡು ಗೆರೆ ಎಳೆದು ನಾನೇ ಹೊಲಿದುಕೊಂಡೆ. ಈಗ ಜಾರುವುದಿಲ್ಲ. ಹೋದ ಒಂದು ಸ್ಟಾರ್ ಇದಕ್ಕೆ.

ಯಾರಿಗೆ ಬೇಡ ಅಂತಲೂ ಹೇಳಿಬಿಡುತ್ತೇನೆ. ರಾತ್ರಿ ಕಾಡುದಾರಿಯಲ್ಲಿ ಓಡುವವರಿಗೆ, ಟೆಂಟ್ ಹಾಕುವವರಿಗೆ ಬೇಡ. ಎರಡು ಸೆಕೆಂಡ್ ಅದುಮಿದರೆ ಮಾತ್ರ ಬಿಳಿ ಬರುವ ಟಾರ್ಚ್ ಅವರಿಗೆ ಸಿಟ್ಟು ತರಿಸುತ್ತದೆ. ಹಿತ್ತಲಿನಲ್ಲಿ ಸಣ್ಣ ಟೆಲಿಸ್ಕೋಪ್ ಇಟ್ಟುಕೊಂಡು ಕಣ್ಣಿಂದಲೇ ನೋಡುವವರಿಗೆ ಇದಕ್ಕಿಂತ ಒಳ್ಳೆಯದು ಬೇಡ. ಕ್ಯಾಮೆರಾದಲ್ಲಿ ಹೈಡ್ರೋಜನ್‌ನ ಕೆಂಪು ಗೆರೆ, ಅಂದರೆ 656.3 ನ್ಯಾನೊಮೀಟರ್, ಹಿಡಿಯುವ ಚಪಲ ಇರುವವರು ಎಕ್ಸ್‌ಪೋಷರ್ ನಡೆಯುವಾಗ ಇದನ್ನೂ ಆರಿಸಿ ಸುಮ್ಮನೆ ಕತ್ತಲಲ್ಲಿ ಕೂರಬೇಕು.

ಕಂಪನಿ ಹೇಳಿದ ಆ ಹೊಸ ಮಾಡೆಲನ್ನೂ ತರಿಸಿದೆ. ಪಟ್ಟಿ ಗಟ್ಟಿ, ಸೆಲ್ ಮುಚ್ಚಳ ದೊಡ್ಡದು, ಕೈಗವಸಿನಲ್ಲೇ ತೆರೆಯಬಹುದು. ನನ್ನ ದೂರುಗಳನ್ನೆಲ್ಲ ಯಾರೋ ಓದಿದ ಹಾಗಿದೆ. ಬಟನ್ ಮಾತ್ರ ಒಂದೇ, ಮೊದಲ ಒತ್ತಿಗೆ ಜೋರು ಬಿಳಿ. ಅದೀಗ ಜನರೇಟರ್ ಕೋಣೆಯ ಬಾಗಿಲ ಹಿಂದೆ ಮೊಳೆಗೆ ತೂಗುತ್ತಿದೆ. ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.